ತಕ್ಕಡಿ ಆಟ: ತಾಲೀಮಿನಲ್ಲಿ ಎಲ್ಲರೂ ಗೆಲ್ತಿದ್ದಾರೆ, ಮುಳ್ಳು ಬೇರೆ ನಡುಗ್ತಿದೆ. ಸಹಾಯ ಬೇಕು

ತಕ್ಕಡಿಗಾರ_ಬಸವನಗುಡಿ · ಶನಿವಾರ ರಾತ್ರಿ 10:40

ತಲೆ ಕೆಟ್ಟು ಹೋಗಿದೆ, ಯಾರಾದ್ರೂ ದಾರಿ ತೋರಿಸಿ. ಟಿವಿ ಗೇಮ್ ಶೋಗೆ ಹೊಸ ಬೆಲೆ ಊಹೆ ಆಟ, ಹೆಸರು ‘ತಕ್ಕಡಿ’. ಎಡ ತಟ್ಟೆಯಲ್ಲಿ 1,999 ರೂಪಾಯಿಯ ಕುಕ್ಕರ್. ಎದುರಿಗೆ 8 ವಸ್ತು, ಅದರಲ್ಲಿ 3 ಆರಿಸಿ ಬಲ ತಟ್ಟೆಗೆ ಇಡಬೇಕು. ಮೂರರ ಬೆಲೆ ಸೇರಿ 1,850ರಿಂದ 1,999ರ ಒಳಗೆ ಬಂದರೆ ಗೆಲುವು. ಇದು ತಾಲೀಮಿನ ಸೆಟ್, ಶೋನಲ್ಲಿ ಎಲ್ಲದರ ಬೆಲೆಗೂ ಒಂದು ಸೊನ್ನೆ ಜಾಸ್ತಿ.

ತಾಲೀಮಿನಲ್ಲಿ 14 ಜನ ಆಡಿದ್ರು, 11 ಜನ ಗೆದ್ರು. ನಿರ್ದೇಶಕರು ಕೇಳಿದ್ದು ಹತ್ತಕ್ಕೆ ಮೂರು. ವಸ್ತು ಬದಲಾಯಿಸಿ ನೋಡಿದೆ, ಹಾಗೇ ಇದೆ. ಸಾಲದ್ದಕ್ಕೆ ಮುಳ್ಳು ನಡುಗುತ್ತೆ, ಕ್ಯಾಮೆರಾದಲ್ಲಿ ಅಸಹ್ಯವಾಗಿ ಕಾಣುತ್ತೆ. ಗುರುವಾರ ಚಿತ್ರೀಕರಣ.

ಚಿಕ್ಕಪೇಟೆ_ದರಪಟ್ಟಿ · ರಾತ್ರಿ 11:05

ಎಂಆರ್‌ಪಿ ಸರ್, ಇನ್ನೇನೂ ಅಲ್ಲ. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದ ಪ್ರಕಾರ ಚಿಲ್ಲರೆಗೆ ಮಾರೋ ಪ್ಯಾಕ್ ಸರಕಿನ ಮೇಲೆ ಎಲ್ಲಾ ತೆರಿಗೆ ಸೇರಿದ ಬೆಲೆ ಅಚ್ಚಾಗಿರಲೇಬೇಕು. ನಮ್ಮ ಜನ ಅದನ್ನ ಓದಿ ಓದಿ ಬಾಯಿಪಾಠ ಮಾಡ್ಕೊಂಡಿದ್ದಾರೆ. ಅಮೆರಿಕದ ಬೆಲೆ ಊಹೆ ಆಟ ಎತ್ತಿ ಇಲ್ಲಿಟ್ಟರೆ ಹೀಗೇ ಆಗೋದು. ಪ್ಯಾಕ್ ಇಲ್ಲದ ಮಾಲು ಇಡಿ: ಬೆಲ್ಲ, ಕನಕಾಂಬರ, ತೂಕಕ್ಕೆ ಮಾರೋ ಹಿತ್ತಾಳೆ ಪಾತ್ರೆ.

ಸರ್ಕ್ಯೂಟ್_ಮಲ್ಲೇಶ್ವರ · ರಾತ್ರಿ 11:20

ನಡುಗೋದಕ್ಕೆ ನಾನು ಹೇಳ್ತೀನಿ. ಮುಳ್ಳು ತಿರುಗಿಸೋಕೆ ಎಂಜಿ996ಆರ್ ಸರ್ವೊ (ಹೇಳಿದ ಕೋನಕ್ಕೆ ತಿರುಗಿ ನಿಲ್ಲೋ ಪುಟ್ಟ ಮೋಟರ್) ಹಾಕಿ, ಕರೆಂಟ್ ಕಂಟ್ರೋಲ್ ಬೋರ್ಡಿನ 5 ವೋಲ್ಟ್ ಪಿನ್ನಿಂದಲೇ ಎಳೀತಿದ್ದೀರ ಅಲ್ವಾ? ಅದು ತಡೆಬಿದ್ದಾಗ 2.5 ಆಂಪಿಯರ್ ಹತ್ತಿರ ಕುಡಿಯುತ್ತೆ. ಬೇರೆ 6 ವೋಲ್ಟ್ 5 ಆಂಪಿಯರ್ ಎಸ್‌ಎಂಪಿಎಸ್ (ಪವರ್ ಸಪ್ಲೈ) ಕೊಡಿ, ಎರಡರ ಗ್ರೌಂಡ್ ಸೇರಿಸಿ, ಸರ್ವೊ ಪಕ್ಕದಲ್ಲೇ ಕರೆಂಟ್ ಏರುಪೇರು ತಡೆಯೋಕೆ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. ಎಸ್‌.ಪಿ. ರಸ್ತೆಯಲ್ಲಿ ಎಲ್ಲಾ ಒಂದೇ ಸಾಲಲ್ಲಿ ಸಿಗುತ್ತೆ.

ತಕ್ಕಡಿಗಾರ_ಬಸವನಗುಡಿ · ಭಾನುವಾರ ಬೆಳಗ್ಗೆ 8:15

@ಸರ್ಕ್ಯೂಟ್ ಸರ್, ಎಂಜಿ996ಆರ್ ಅನ್ನೋದು ಸರಿ. ಆದರೆ ಬೇರೆ ಎಸ್‌ಎಂಪಿಎಸ್ ಮೊದಲಿಂದಲೂ ಇದೆ, ಗ್ರೌಂಡೂ ಸೇರಿಸಿದ್ದೀನಿ.

@ದರಪಟ್ಟಿ ಸರ್, ಬೆಲೆ ಚೀಟಿ ಎಲ್ಲಾ ಕಿತ್ತಿದ್ದೀನಿ.

ಚಿಕ್ಕಪೇಟೆ_ದರಪಟ್ಟಿ · ಬೆಳಗ್ಗೆ 8:30

ಚೀಟಿ ಕಿತ್ತರೂ ನೆನಪು ಕೀಳೋಕಾಗಲ್ಲ. ಇನ್ನೊಂದು ವಿಷಯ: 2025ರ ಸೆಪ್ಟೆಂಬರ್ 22ರಿಂದ ಪಾತ್ರೆ, ಛತ್ರಿಗಳ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ. ನಿಮ್ಮ ಬೆಲೆ ಹಳೇ ಸ್ಟಾಕಿನದ್ದೋ ಹೊಸದರದ್ದೋ? ಎರಡು ಬೆರೆತಿದ್ದರೆ ನಾಳೆ ಸ್ಪರ್ಧಿ ಜಗಳಕ್ಕೆ ಬರ್ತಾನೆ.

ಫ್ಲೋರ್_ರಾಜಾಜಿನಗರ · ಬೆಳಗ್ಗೆ 9:10

ಕನಕಾಂಬರ ಅಂದ್ರಲ್ಲ, ಅದು ಟಿವಿಗೆ ಆಗಿಬರಲ್ಲ ಸರ್. ಚಿತ್ರೀಕರಣ ಈ ಗುರುವಾರ, ಪ್ರಸಾರ ಇನ್ನೊಂದು ತಿಂಗಳಿಗೆ. ನಡುವೆ ವರಮಹಾಲಕ್ಷ್ಮಿ ಹಬ್ಬ ಬಂತು ಅಂದ್ರೆ ಕೆ.ಆರ್. ಮಾರ್ಕೆಟ್ಟಲ್ಲಿ ಹೂವಿನ ದರ ಎಲ್ಲಿಗೋ ಹೋಗಿರುತ್ತೆ, ನೋಡೋರು ‘ತಪ್ಪು ಬೆಲೆ’ ಅಂತಾರೆ. ವಸ್ತು ಯಾವುದೇ ಇರಲಿ, ‘ಚಿತ್ರೀಕರಣದ ದಿನದ ಬೆಲೆ, ಎಲ್ಲಾ ತೆರಿಗೆ ಸೇರಿ’ ಅಂತ ನಿರೂಪಕರ ಬಾಯಲ್ಲಿ ಬರಲಿ, ಪರದೆ ಮೇಲೂ ಬರಲಿ.

ಚಿಕ್ಕಪೇಟೆ_ದರಪಟ್ಟಿ · ಬೆಳಗ್ಗೆ 9:25

ಹೂವು ಬೇಡ ಬಿಡಿ, ಹಿತ್ತಾಳೆ ಇಡಿ. ಹಿತ್ತಾಳೆಗೆ ಏನು ಆಕ್ಷೇಪಣೆ?

ಫ್ಲೋರ್_ರಾಜಾಜಿನಗರ · ಬೆಳಗ್ಗೆ 9:31

ಲೋಹದ ದರವೂ ಏರಿಳಿಯುತ್ತೆ ಅನ್ನೋದೇ ಆಕ್ಷೇಪಣೆ.

ಲೆಕ್ಕದ_ಮೇಷ್ಟ್ರು · ಬೆಳಗ್ಗೆ 10:00

ಇಬ್ಬರೂ ಸ್ವಲ್ಪ ತಡೀರಪ್ಪ. ಎಂಟು ವಸ್ತುಗಳ ಬೆಲೆಯನ್ನೇ ಯಾರೂ ಕೇಳಿಲ್ಲ. ಪಟ್ಟಿ ಹಾಕಿ, ಲೆಕ್ಕ ಮಾಡಿ ನೋಡೋಣ.

ತಕ್ಕಡಿಗಾರ_ಬಸವನಗುಡಿ · ಬೆಳಗ್ಗೆ 10:20

ಟಾರ್ಚ್ 275, ಛತ್ರಿ 380, ಒಗ್ಗರಣೆ ಡಬ್ಬಿ 449, ಕಾಫಿ ಫಿಲ್ಟರ್ 525, ಗೋಡೆ ಗಡಿಯಾರ 620, ಬೆಡ್‌ಶೀಟ್ 749, ಕಬ್ಬಿಣದ ದೋಸೆ ಕಾವಲಿ 899, ಇಸ್ತ್ರಿ ಪೆಟ್ಟಿಗೆ 1,150. ಎಲ್ಲಾ ಹೊಸ ದರ.

ಲೆಕ್ಕದ_ಮೇಷ್ಟ್ರು · ಬೆಳಗ್ಗೆ 11:10

ಎಂಟರಲ್ಲಿ ಮೂರು ಆರಿಸೋ ಬಗೆ 56. ಅದರಲ್ಲಿ ಗೆಲ್ಲೋದು 8 ಮಾತ್ರ. ಇಸ್ತ್ರಿ ಪೆಟ್ಟಿಗೆ ಇರೋದು ಮೂರು: ಟಾರ್ಚ್ ಜೊತೆ ಡಬ್ಬಿ, ಟಾರ್ಚ್ ಜೊತೆ ಫಿಲ್ಟರ್, ಛತ್ರಿ ಜೊತೆ ಡಬ್ಬಿ. ಕಾವಲಿ ಇರೋದು ನಾಲ್ಕು: ಛತ್ರಿ–ಗಡಿಯಾರ, ಡಬ್ಬಿ–ಫಿಲ್ಟರ್, ಡಬ್ಬಿ–ಗಡಿಯಾರ, ಟಾರ್ಚ್–ಬೆಡ್‌ಶೀಟ್. ಕೊನೇದು ಬೆಡ್‌ಶೀಟ್, ಫಿಲ್ಟರ್, ಗಡಿಯಾರ.

ಕಣ್ಣು ಮುಚ್ಚಿ ಆಡಿದರೆ ಏಳಕ್ಕೆ ಒಂದು. ಬೆಲೆ ಬಲ್ಲವರಿಗೆ ಇನ್ನಷ್ಟು ಸಿಗಬಹುದು, ಆದರೆ 14ಕ್ಕೆ 11 ಅನ್ನೋದು ಬರೀ ಎಂಆರ್‌ಪಿ ನೆನಪಿಂದ ಬರೋ ಅಂಕಿ ಅಲ್ಲ. ಪ್ರತಿ ವಸ್ತುವಿನಲ್ಲೂ ನೂರು ರೂಪಾಯಿ ಆಚೀಚೆ ಊಹಿಸಿದರೂ ಮೂರು ಸೇರುವಾಗ 150ರ ಕಿಂಡಿ (1,850ರಿಂದ 1,999ರ ಗೆಲುವಿನ ಜಾಗ) ಸುಲಭವಾಗಿ ತಪ್ಪುತ್ತೆ. ಆಟದ ಒಳಗೇ ಎಲ್ಲೋ ಸುಳಿವು ಸೋರ್ತಿದೆ. ವಸ್ತು ಇಟ್ಟ ತಕ್ಷಣ ಏನಾಗುತ್ತೆ, ಒಂದೊಂದು ಹೆಜ್ಜೇನೂ ಬರೀರಿ.

ಚಿಕ್ಕಪೇಟೆ_ದರಪಟ್ಟಿ · ಬೆಳಗ್ಗೆ 11:18

ನೆನಪೇ ಮೇಷ್ಟ್ರೇ. ಚಿಕ್ಕಪೇಟೆಯಲ್ಲಿ ನಿತ್ಯ ವ್ಯಾಪಾರ ಮಾಡೋ ಹೆಣ್ಮಕ್ಕಳು ಹತ್ತು ರೂಪಾಯಿ ಆಚೀಚೆ ಹೇಳ್ತಾರೆ.

ತಕ್ಕಡಿಗಾರ_ಬಸವನಗುಡಿ · ಮಧ್ಯಾಹ್ನ 12:05

ಏನಾಗುತ್ತೆ ಅಂದ್ರೆ, ತಕ್ಕಡಿ ತೂಗುತ್ತೆ ಸರ್! ತಕ್ಕಡಿ ಅಂದಮೇಲೆ ಮುಳ್ಳು ಆಡಲೇಬೇಕಲ್ಲ. ಮೊದಲ ವಸ್ತು ಇಟ್ಟಾಗ ಅದರ ಬೆಲೆಯಷ್ಟು ಬಲಕ್ಕೆ ವಾಲುತ್ತೆ, ಎರಡನೆಯದು ಇಟ್ಟಾಗ ಇನ್ನಷ್ಟು. ಹಿಂದೆ ಹಲಗೆ ಮೇಲೆ ಹತ್ತು ಗೀಟು ಬರೆಸಿದ್ದೀನಿ. ಒಂದು ಗೀಟಿಗೆ 200 ರೂಪಾಯಿ, 3 ಡಿಗ್ರಿ. ಮುಳ್ಳು 60 ಸೆಂ.ಮೀ. ಮೂರೂ ಇಟ್ಟಮೇಲೆ ಸರಿಹೋಗದಿದ್ದರೆ ಒಂದು ವಸ್ತು ಬದಲಿಸೋ ಅವಕಾಶ ಇದೆ.

ಲೆಕ್ಕದ_ಮೇಷ್ಟ್ರು · ಮಧ್ಯಾಹ್ನ 12:50

ಸಿಕ್ಕಿತು. ಒಂದಲ್ಲ, ಎರಡು ತೂತು.

ಮೊದಲನೆಯದು ಮುಳ್ಳು. 60 ಸೆಂ.ಮೀ ಮುಳ್ಳಿನ ತುದಿ ಗೀಟಿಗೆ 3 ಸೆಂ.ಮೀಗಿಂತ ಹೆಚ್ಚು ಸರಿಯುತ್ತೆ, ಅರ್ಧ ಗೀಟನ್ನ ಮಗುವೂ ಓದುತ್ತೆ. ಕಾವಲಿ ಇಟ್ಟರೆ ನಾಲ್ಕೂವರೆ ಗೀಟು, ಅಂದ್ರೆ ಸುಮಾರು 900 ಅಂತ ನೀವೇ ಹೇಳಿಕೊಟ್ಟಂತಾಯ್ತು. ಎರಡು ವಸ್ತು ಇಡೋ ಹೊತ್ತಿಗೆ ಬಾಕಿ ಎಷ್ಟು ಅಂತ ಸ್ಪರ್ಧಿಗೆ ಗೊತ್ತು. ಎಂಟರಲ್ಲಿ ಎರಡು ಆರಿಸೋ ಜೋಡಿ 28. ಅದರಲ್ಲಿ 20 ಜೋಡಿಗೆ ಸರಿಹೊಂದೋ ಮೂರನೇ ವಸ್ತು ಪಟ್ಟಿಯಲ್ಲೇ ಇದೆ.

ಎರಡನೆಯದು ಬದಲಿ. ಸೋಲೋ 48 ತ್ರಿವಳಿ ಒಂದೊಂದನ್ನೂ ಪರೀಕ್ಷಿಸಿದೆ. ಪ್ರತಿಯೊಂದೂ ಒಂದೇ ಬದಲಿಯಲ್ಲಿ ಗೆಲುವಾಗುತ್ತೆ. ಒಂದನ್ನೂ ಬಿಡದೆ, ನಲವತ್ತೆಂಟೂ!

ಅಮೆರಿಕದ ಬೆಲೆ ಊಹೆ ಶೋ ‘ದಿ ಪ್ರೈಸ್ ಈಸ್ ರೈಟ್’ 1972ರಿಂದ ಈಗಿನ ರೂಪದಲ್ಲಿ ನಡೀತಿದೆ, ಅದರ ‘ಕ್ಲಿಫ್ ಹ್ಯಾಂಗರ್ಸ್’ ನೋಡಿ. ಸಣ್ಣ ವಸ್ತು ಮೂರು, ಬೆಲೆ ಒಂದು ಡಾಲರ್ ತಪ್ಪಿದರೆ ಬೊಂಬೆ ಒಂದು ಮೆಟ್ಟಿಲು ಹತ್ತುತ್ತೆ, 25 ದಾಟಿದರೆ ಬಿತ್ತು. ಅಲ್ಲೂ ಚಲನೆಯೇ ಮಜಾ. ಆದರೆ ಬೊಂಬೆ ಹೊರಡೋದು ಆ ವಸ್ತುವಿನ ಉತ್ತರ ಹೇಳಿ ಮುಗಿದಮೇಲೆ. ‘ಕ್ಲಾಕ್ ಗೇಮ್’ನಲ್ಲಿ ಹೆಚ್ಚು, ಕಡಿಮೆ ಅಂತ ಸುಳಿವು ಕೊಡ್ತಾರೆ ನಿಜ, ಅದಕ್ಕೆ ಬೆಲೆಯಾಗಿ 30 ಸೆಕೆಂಡಿನ ಗಡಿಯಾರ ಓಡ್ತಿರುತ್ತೆ. ನಿಮ್ಮಲ್ಲಿ ಸುಳಿವೂ ಬಿಟ್ಟಿ, ಸಮಯವೂ ಬಿಟ್ಟಿ.

ರೀಲ್_ವಿಜಯನಗರ · ಮಧ್ಯಾಹ್ನ 1:15

ಸುಲಭ ಗುರು. ಮುಳ್ಳಿಗೆ ಕೋಡಲ್ಲಿ ಒಂದೆರಡು ಗೀಟು ಸುಳ್ಳು ಸೇರಿಸಿಬಿಡು. ಆಡುತ್ತೆ, ಓದೋಕಾಗಲ್ಲ.

ಫ್ಲೋರ್_ರಾಜಾಜಿನಗರ · ಮಧ್ಯಾಹ್ನ 1:22

ದಯವಿಟ್ಟು ಆ ದಾರಿ ಹಿಡೀಬೇಡಿ. ಸ್ಪರ್ಧಿಗೆ ತೋರಿಸೋ ಅಳತೆ ಸುಳ್ಳಾಗಿದ್ದರೆ ಅದು ಆಟವೇ ಅಲ್ಲ, ಮೋಸ. ಸ್ಪರ್ಧಿಗಳಿಗೆ ಗುಟ್ಟಾಗಿ ಉತ್ತರ ಹೇಳಿಕೊಟ್ಟ 1950ರ ದಶಕದ ಟಿವಿ ಕ್ವಿಜ್ ಹಗರಣಗಳಾದಮೇಲೆ ಅಮೆರಿಕದಲ್ಲಿ 1960ರಲ್ಲಿ ಇದಕ್ಕಂತಲೇ ಕಾನೂನು ಬಂತು. ತೋರಿಸದೇ ಇರಬಹುದು, ಸುಳ್ಳು ತೋರಿಸಬಾರದು.

ಲೆಕ್ಕದ_ಮೇಷ್ಟ್ರು · ಮಧ್ಯಾಹ್ನ 1:40

ಫ್ಲೋರ್ ಅವರ ಮಾತಿಗೆ ನನ್ನದೂ ಒಪ್ಪಿಗೆ. ಮುಳ್ಳನ್ನ ಶುರುವಿನ ಜಾಗದಲ್ಲೇ ಹಿಡಿದಿಡಿ. ಮೂರೂ ಇಟ್ಟಮೇಲೆ ನಿರೂಪಕರು ಹಿಡಿ ಎಳೀಲಿ, ಆಗ ಒಂದೇ ಸಲ ತೂಗಲಿ, ನಿಧಾನವಾಗಿ, ಆರೇಳು ಸೆಕೆಂಡು. ಬದಲಿ ತೆಗೆದುಹಾಕಿ. ಗೆಲುವು ತೀರಾ ಕಡಿಮೆ ಅನ್ನಿಸಿದರೆ ಕಿಂಡಿಯ ಕೆಳ ಅಂಚು 1,750ಕ್ಕೆ ಇಳಿಸಿ, 56ರಲ್ಲಿ ಗೆಲುವು 12 ಆಗುತ್ತೆ. ಛತ್ರಿ, ಗಡಿಯಾರ, ಬೆಡ್‌ಶೀಟ್ ಸೇರಿದರೆ 1,749. ಒಂದೇ ರೂಪಾಯಿಯಲ್ಲಿ ಸೋಲು. ಮುಳ್ಳು ಅಂಚಿಗೆ ಬಂದು ನಿಲ್ಲೋ ಆ ಕ್ಷಣ ಟಿವಿಗೆ ಬಹಳ ಚೆನ್ನ.

ಸರ್ಕ್ಯೂಟ್_ಮಲ್ಲೇಶ್ವರ · ಮಧ್ಯಾಹ್ನ 2:30

ನಡುಕದ ವಿಷಯ ಎಲ್ಲರೂ ಮರೆತ್ರಿ. ಕೆಪಾಸಿಟರ್ ಹಾಕಿದ್ರಾ? ಹಾಕದೆ ‘ಎಸ್‌ಎಂಪಿಎಸ್ ಇದೆ’ ಅಂದ್ರೆ ಪ್ರಯೋಜನ ಇಲ್ಲ. ಸಿಗ್ನಲ್ ತಂತಿ ಅರ್ಧ ಮೀಟರಿಗಿಂತ ಉದ್ದ ಇದೆಯಾ? ಅದನ್ನ ಸರ್ವೊ ಕರೆಂಟ್ ತಂತಿ ಜೊತೆ ಹೆಣೀಬೇಡಿ.

ತಕ್ಕಡಿಗಾರ_ಬಸವನಗುಡಿ · ಮಧ್ಯಾಹ್ನ 3:05

ಎಲ್ಲಾ ಮಾಡಿದೆ ಸರ್, ಇನ್ನೂ ನಡುಗುತ್ತೆ. ಕಾವಲಿ ಇಟ್ಟಾಗಲಂತೂ ಕಿರ್ ಅಂತ ಕಿರುಚುತ್ತೆ.

ಸರ್ಕ್ಯೂಟ್_ಮಲ್ಲೇಶ್ವರ · ಮಧ್ಯಾಹ್ನ 3:10

ಕಾವಲಿ ಇಟ್ಟಾಗ ಅಂದ್ರೆ? ನಿಜವಾದ ಕಾವಲಿಯನ್ನ ತಟ್ಟೆ ಮೇಲೆ ಇಡ್ತಿದ್ದೀರಾ? ಸರ್ವೊ ಬರೀ ಮುಳ್ಳು ತಿರುಗಿಸ್ತಿಲ್ವಾ?

ತಕ್ಕಡಿಗಾರ_ಬಸವನಗುಡಿ · ಮಧ್ಯಾಹ್ನ 3:14

ಹೌದು, ನಿಜವಾದದ್ದೇ. ಅಡ್ಡಪಟ್ಟಿ, ಮುಳ್ಳು ಎರಡೂ ಒಂದೇ ಸರ್ವೊಗೆ. ತೋಳು 30 ಸೆಂ.ಮೀ.

ಸರ್ಕ್ಯೂಟ್_ಮಲ್ಲೇಶ್ವರ · ಮಧ್ಯಾಹ್ನ 3:32

ಹಾಗಾದರೆ ನಾನು ಇಷ್ಟು ಹೊತ್ತು ಹೇಳಿದ್ದು ತಪ್ಪು ಜಾಗ. ಆ ಸರ್ವೊದ ತಿರುಗಿಸೋ ಬಲ 6 ವೋಲ್ಟಿಗೆ ಸುಮಾರು 11 ಕೆಜಿ ಸೆಂ.ಮೀ (ತೂಕವನ್ನ ದೂರದಿಂದ ಗುಣಿಸಿದ್ದು). ಎರಡು ತಟ್ಟೆಗಳ ತೂಕದಲ್ಲಿ ಎರಡು ಕೆಜಿ ವ್ಯತ್ಯಾಸ ಇದ್ದರೂ 30 ಸೆಂ.ಮೀ ದೂರಕ್ಕೆ ಬೇಕಾಗೋದು 60. ಅದು ಹೊರಲಾರದೆ ಜಾರುತ್ತೆ, ಮತ್ತೆ ಎತ್ತುತ್ತೆ, ಅದೇ ನಡುಕ. ಹೀಗೇ ಬಿಟ್ಟರೆ ಗೇರ್ ಹಲ್ಲು ಉದುರುತ್ತೆ.

ವಸ್ತುಗಳನ್ನ ಪಕ್ಕದ ಕಪಾಟಲ್ಲಿ ಬೆಳಕು ಬಿಟ್ಟು ಇಡಿ. ತಟ್ಟೆಗೆ 3 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಿಲ್ಲೆ, 15 ಸೆಂ.ಮೀ ಅಗಲ, ಮೇಲೆ ವಸ್ತುವಿನ ಚಿತ್ರ. ಒಂದು ಸುಮಾರು 40 ಗ್ರಾಂ. ಮೂರು ಸೇರಿದರೂ 3.6 ಕೆಜಿ ಸೆಂ.ಮೀ, ಆರಾಮಾಗಿ ಹೊರುತ್ತೆ. ಎಡ ತಟ್ಟೆಗೂ ಕುಕ್ಕರ್ ಬದಲು ಮೂರು ಬಿಲ್ಲೆ ತೂಕದ ಒಂದು ಫಲಕ.

ರೀಲ್_ವಿಜಯನಗರ · ಮಧ್ಯಾಹ್ನ 3:50

ಸರ್ವೊ ಯಾಕೆ ಗುರು, ನೇಮಾ 17 ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗೋ ಮೋಟರ್) ಹಾಕು. ಸುತ್ತಿಗೆ 200 ಹೆಜ್ಜೆ, 16ರ ಮೈಕ್ರೊಸ್ಟೆಪ್ಪಲ್ಲಿ (ಒಂದು ಹೆಜ್ಜೆಯನ್ನ 16 ಪಾಲು ಮಾಡಿದರೆ) 3,200. ನನ್ನ ಆಟದ ಬೋರ್ಡಲ್ಲಿ ಅದೇ ಇದೆ, ಜೊತೆಗೆ ಪಿ10 ಎಲ್‌ಇಡಿ ಪ್ಯಾನೆಲ್ ಆರು ಜೋಡಿಸಿದ್ದೀನಿ, ಒಂದೊಂದು 32 ಅಡ್ಡ 16 ಚುಕ್ಕೆ. ಬೆಲೆ ಹತ್ತು ಮೀಟರ್ ದೂರದಿಂದ ಓದಬಹುದು.

ಸರ್ಕ್ಯೂಟ್_ಮಲ್ಲೇಶ್ವರ · ಸಂಜೆ 4:02

ಸ್ಟೆಪ್ಪರಿಗೆ ಶುರುವಿನ ಜಾಗ ತಾನಾಗಿ ಗೊತ್ತಾಗಲ್ಲ, ಆ ಜಾಗಕ್ಕೆ ಬಂದು ತಾಗಿದಾಗ ತಿಳಿಸೋ ಲಿಮಿಟ್ ಸ್ವಿಚ್ ಬೇಕು. ಗುರುವಾರ ಚಿತ್ರೀಕರಣ ಇಟ್ಕೊಂಡು ಅದೆಲ್ಲಾ ಬೇಡ. ಪಿ10 ಹಾಕೋದಾದರೆ ಕ್ಯಾಮೆರಾ ಶಟರ್ 1/50ರಲ್ಲಿ ಪಟ್ಟೆ ಬರುತ್ತಾ ಅಂತ ಮೊದಲು ಪರೀಕ್ಷಿಸಿ.

ತಕ್ಕಡಿಗಾರ_ಬಸವನಗುಡಿ · ಮಂಗಳವಾರ ರಾತ್ರಿ 9:45

ಬಿಲ್ಲೆ ಹಾಕಿದೆ, ನಡುಕ ಪೂರ್ತಿ ನಿಂತಿದೆ. ಮುಳ್ಳು ಹಿಡಿದಿಟ್ಟು, ಬದಲಿ ತೆಗೆದು, ಕೆಳ ಅಂಚು 1,750 ಮಾಡಿ 12 ಜನರನ್ನ ಆಡಿಸಿದೆ. 4 ಗೆಲುವು! ಎಲ್ಲರಿಗೂ ತುಂಬಾ ಧನ್ಯವಾದ. ಮೇಷ್ಟ್ರೇ, ಸೊನ್ನೆ ಸೇರಿಸಿದ ನಿಜವಾದ ಸೆಟ್ಟಿಗೂ ಇದೇ ಲೆಕ್ಕ ನಡೆಯುತ್ತಾ?

ಲೆಕ್ಕದ_ಮೇಷ್ಟ್ರು · ಮಂಗಳವಾರ ರಾತ್ರಿ 10:20

ಬೆಲೆಗಳು ನಿಖರವಾಗಿ ಹತ್ತುಪಟ್ಟು ಇರಲ್ಲ, ಹಾಗಾಗಿ ಮತ್ತೆ ಲೆಕ್ಕ ಹಾಕಲೇಬೇಕು. 56 ಸಾಲಿನ ಶೀಟ್ ಮಾಡಿ, ಮೂರರ ಮೊತ್ತ ಬರೆದು, ಕಿಂಡಿಯೊಳಗೆ ಬಿದ್ದವನ್ನ ಎಣಿಸಿ. ಯಾವುದೋ ಒಂದೇ ವಸ್ತು ಅರ್ಧಕ್ಕಿಂತ ಹೆಚ್ಚು ಗೆಲುವುಗಳಲ್ಲಿ ಕಾಣಿಸಿದರೆ ಅದನ್ನ ಬದಲಾಯಿಸಿ, ಎರಡನೇ ಸಂಚಿಕೆಗೇ ಜನ ಹಿಡೀತಾರೆ. 150ರ ಕಿಂಡಿಯ 8 ಗೆಲುವುಗಳಲ್ಲಿ ಕಾವಲಿ, ಡಬ್ಬಿ ತಲಾ 4ರಲ್ಲಿದ್ದವು, ಅದೇ ಮಿತಿ. ಪಟ್ಟಿ ಇಲ್ಲಿ ಹಾಕಿದರೆ ನೋಡಿಕೊಡ್ತೀನಿ.

ಚಿಕ್ಕಪೇಟೆ_ದರಪಟ್ಟಿ · ಬುಧವಾರ ಬೆಳಗ್ಗೆ 7:50

ಗೆದ್ದ ಆ ನಾಲ್ಕು ಜನ ಎಲ್ಲಿ ಸಾಮಾನು ತಗೊಳ್ತಾರೆ ಅಂತ ಕೇಳಿದ್ರಾ ಸರ್? ಎಂಆರ್‌ಪಿ ವಿಷಯ ಇನ್ನೂ ಮುಗಿದಿಲ್ಲ.

ಲೆಕ್ಕದ_ಮೇಷ್ಟ್ರು · ಬುಧವಾರ ರಾತ್ರಿ 9:30

ತಕ್ಕಡಿಗಾರರೇ, ನಾಳೆ ಚಿತ್ರೀಕರಣ ಅಲ್ವಾ? ಪಟ್ಟಿ ಎಲ್ಲಿ?