ಧೋಲಾವೀರದ ಗುಂಡು ಮನೆಗಳು

ಪುಟ್ಟಾ, ಬೆಳಿಗ್ಗೆ ನೀನು ಹಾಕಿದ ವಿಡಿಯೋ ನೋಡಿದೆ. ಬಿಸಿಲು ಏರಿ ಏರಿ ನಾಗರಿಕತೆಯೇ ಮುಗಿಯುತ್ತದೆ, ಮಲೆನಾಡಲ್ಲಿ ಎರಡು ಎಕರೆ ತಗೊಂಡು ಅಕ್ಕಿ ಮೂಟೆ ಪೇರಿಸಿ ಸುತ್ತ ಬೇಲಿ ಹಾಕಿಕೊಳ್ಳಿ ಅಂತಾನಲ್ಲ, ಅದು. ನಿಮ್ಮಮ್ಮ ಗಾಬರಿಯಾಗಿ ಫೋನ್ ಮಾಡಿದ್ದಳು. ಪಕ್ಕದ ಮನೆಯಲ್ಲಿ ಟೈಲ್ಸ್ ಕತ್ತರಿಸುತ್ತಿದ್ದಾರೆ, ನನ್ನ ದನಿಯೇ ಕೇಳಲ್ಲ. ಅದಕ್ಕೆ ಮಾತಾಡಿದ ಹಾಗೇ ಬರೆಯುತ್ತಿದ್ದೇನೆ, ಉದ್ದ ಆದರೆ ಬೈಯಬೇಡಿ.

ಇಂಥದ್ದು ನಮ್ಮ ಕಡೆ ಒಂದು ಸಲ ಆಗಿದೆ. ಸುಮಾರು 4200 ವರ್ಷದ ಹಿಂದೆ ಮುಂಗಾರು ಸೊರಗಿತು. ಆಮೇಲಿನ ಕೆಲವು ನೂರು ವರ್ಷಗಳಲ್ಲಿ ಸಿಂಧೂ ನಾಗರಿಕತೆಯ ದೊಡ್ಡ ಊರುಗಳು, ಹರಪ್ಪ, ಮೊಹೆಂಜೊದಾರೊ, ಗುಜರಾತಿನ ಕಛ್‌ನ ಧೋಲಾವೀರ, ಎಲ್ಲ ಖಾಲಿ. ಮಳೆಯೊಂದೇ ಕಾರಣ ಅಲ್ಲ ಅನ್ನುವವರೂ ಇದ್ದಾರೆ, ಇರಲಿ. ಧೋಲಾವೀರಕ್ಕೆ ನಾನೂ ದೊಡ್ಡಪ್ಪನೂ ಹೋಗಿದ್ದೆವಲ್ಲ, ಎರಡು ಹಳ್ಳಗಳಿಗೆ ಒಡ್ಡು ಕಟ್ಟಿ, ಬಂಡೆ ಕೊರೆದು ಕೆರೆ ಮಾಡಿ ನೀರು ಹಿಡಿದಿಟ್ಟ ಊರು ಅದು. ಅಷ್ಟು ಬುದ್ಧಿ ಇದ್ದೂ ಉಳಿಯಲಿಲ್ಲ.

ಆದರೆ ಜನ ಎಲ್ಲಿ ಸತ್ತುಹೋದರು? ಹೋದದ್ದು ಮುದ್ರೆ, ತೂಕದ ಕಲ್ಲು, ಬರವಣಿಗೆ. ಜನ ಚದುರಿದರು. ಹರಿಯಾಣ, ಪಶ್ಚಿಮ ಉತ್ತರ ಪ್ರದೇಶದ ಕಡೆ ಸಣ್ಣ ಸಣ್ಣ ಹಳ್ಳಿಗಳು ಜಾಸ್ತಿಯಾದವು. ಗುಜರಾತಿನವರು ಮುಂಚಿನಿಂದಲೂ ಸಾಮೆ ಬೆಳೆಯುತ್ತಿದ್ದರು, ಕಡಿಮೆ ನೀರಲ್ಲೇ ಕೈಗೆ ಬರುತ್ತದೆ. ಅಜ್ಜಿ ಸಾಮೆ ಅನ್ನ ಮಾಡುತ್ತಿದ್ದರಲ್ಲ, ನೀನು ಮೂಗು ಮುರಿಯುತ್ತಿದ್ದೆ, ಅದೇ!

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು. ಧೋಲಾವೀರ ಪಾಳು ಬಿದ್ದ ಮೇಲೆ ಮತ್ತೆ ಯಾರೋ ಬಂದು, ಹಳೇ ಕಟ್ಟಡದ ಕಲ್ಲುಗಳನ್ನೇ ತೆಗೆದುಕೊಂಡು ಗುಂಡಗಿನ ಮನೆ ಕಟ್ಟಿಕೊಂಡರಂತೆ. ಹಳೇ ಊರಿನ ಹೆಬ್ಬಾಗಿಲ ಹತ್ತಿರ ಹತ್ತು ದೊಡ್ಡ ಅಕ್ಷರಗಳ ಫಲಕ ಬಿದ್ದಿತ್ತು, ಓದುವವರು ಯಾರೂ ಇಲ್ಲ, ಇವತ್ತಿಗೂ ಇಲ್ಲ. ಅವರ ಪಾಡಿಗೆ ಅವರು ಒಲೆ ಹಚ್ಚಿ ಬದುಕಿದರು. ಕಛ್‌ನಲ್ಲಿ ಈಗಲೂ ಗುಂಡು ಮನೆ ಕಟ್ಟುತ್ತಾರೆ, ಭುಂಗಾ ಅಂತಾರೆ. ಹರಿಯಾಣದ ರಾಖಿಗಢಿ ಅಂತ ಇದೇ ನಾಗರಿಕತೆಯ ಇನ್ನೊಂದು ಊರು, ಅಲ್ಲಿ ಸಿಕ್ಕ ಒಬ್ಬ ಹೆಂಗಸಿನ ಅಸ್ಥಿಯ ಡಿಎನ್‌ಎ ಬಗ್ಗೆ 2019ರಲ್ಲಿ ಅಧ್ಯಯನ ಬಂತಲ್ಲ, ಆ ಜನರ ಪಾಲು ಈಗಿನ ಭಾರತೀಯರಲ್ಲಿ ಬಹುತೇಕ ಎಲ್ಲರಲ್ಲೂ ಇದೆಯಂತೆ. ನಿನ್ನಲ್ಲೂ ಇರಬೇಕು.

ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಅವರಿಗೆ ಎದ್ದು ಹೋಗಲು ಜಾಗ ಇತ್ತು. ಈಗ ಪಾಕಿಸ್ತಾನದ ಮೊಹೆಂಜೊದಾರೊಗೂ ನಮ್ಮ ಧೋಲಾವೀರಕ್ಕೂ ನಡುವೆ ಗಡಿಯ ಮುಳ್ಳುತಂತಿ ಇದೆ, ಅದೇ ನನಗೆ ಭಯ. ಆ ವಿಡಿಯೋದವನು ನೋಡಿದರೆ ಇನ್ನೂ ಬೇಲಿ ಹಾಕು ಅಂತಾನೆ.

ಇನ್ನು ಆ ಎರಡು ಎಕರೆ. ಏಪ್ರಿಲ್‌ನಲ್ಲಿ ಒಂದ್ಸಲ ಹೋಗಿ ಬಾವಿಯಲ್ಲಿ ನೀರು ಇದೆಯಾ ನೋಡು, ಆಮೇಲೆ ಅಡ್ವಾನ್ಸ್ ಕೊಡು.