1948ರ ಗಾಂಧಿ 10 ರೂಪಾಯಿ ಅಂಚೆಚೀಟಿ, ಮಿಂಟ್: ಗಮ್ (ಬೆನ್ನಿನ ಅಂಟು) ಅಸಲಿಯೇ ಎಂದು ನೋಡುವುದು ಹೇಗೆ?

ಕಡಲತಡಿ_ಸ್ಟಾಂಪ್

ಎಲ್ಲರಿಗೂ ನಮಸ್ಕಾರ. 1948ರ ಆಗಸ್ಟ್ 15ರಂದು ಹೊರಬಂದ ಗಾಂಧಿ ಅಂಚೆಚೀಟಿ ಸೆಟ್ಟಿನಲ್ಲಿ 1½ ಆಣೆ, 3½ ಆಣೆ, 12 ಆಣೆ ಮೂರೂ ಮಿಂಟ್ ಸ್ಥಿತಿಯಲ್ಲಿ, ಅಂದರೆ ಬಳಸದೆ, ನನ್ನ ಬಳಿ ಇವೆ. 10 ರೂಪಾಯಿಯದು ಮಾತ್ರ ಬಾಕಿ. ಈಗ ಎರಡು ಪ್ರತಿಗಳು ಕಣ್ಣ ಮುಂದಿವೆ. ಒಂದನ್ನು ಎಂಎನ್‌ಎಚ್ (ಮಿಂಟ್ ನೆವರ್ ಹಿಂಜ್ಡ್, ಎಂದೂ ಹಿಂಜ್ ಹಾಕದ ಮಿಂಟ್) ಎಂದು ಹೇಳಿ ಮಾರುತ್ತಿದ್ದಾರೆ. ಗಮ್ ಥಳಥಳ ಹೊಳೆಯುತ್ತದೆ, ಆದರೆ ಅಂಚಿನ ಹಲ್ಲುಗಳು ಕೊಂಚ ಗಡುಸು ಅನ್ನಿಸುತ್ತವೆ. ಇನ್ನೊಂದರಲ್ಲಿ ಹಳೆಯ ಹಿಂಜ್ (ಚೀಟಿಯನ್ನು ಆಲ್ಬಂಗೆ ಅಂಟಿಸುವ ಸಣ್ಣ ಕಾಗದದ ತುಂಡು) ಗುರುತಿದೆ, ಬೆಲೆ ಬಹಳ ಕಡಿಮೆ. ಯಾವುದನ್ನು ತಗೊಳ್ಳಲಿ? ಮಂಗಳೂರಿನ ಮಳೆಗಾಲದಲ್ಲಿ ಇಂಥದ್ದನ್ನು ಹೇಗೆ ಇಡಬೇಕು ಅನ್ನುವುದನ್ನೂ ತಿಳಿಸಿ.

ಪರ್ಫ್_ಗೇಜ್

ಹಲ್ಲು ಗಡುಸು ಎಂದಿರಲ್ಲ, ಅಲ್ಲಿಂದಲೇ ಶುರು ಮಾಡಿ. ಮುದ್ರಣಾಲಯದಲ್ಲಿ ಹಾಳೆಗೆ ಮೊದಲು ಗಮ್, ಆಮೇಲೆ ತೂತು. ಹಾಳೆಯಿಂದ ಚೀಟಿಯನ್ನು ಹರಿದಾಗ ಹಲ್ಲಿನ ತುದಿಯಲ್ಲಿ ಕಾಗದದ ನಾರು ಹೊಸದಾಗಿ ಬಿಚ್ಚಿಕೊಳ್ಳುತ್ತದೆ. ಆ ನಾರಿಗೆ ಗಮ್ ತಾಗಿರುವುದಿಲ್ಲ, ಹಾಗಾಗಿ ಅದು ಮೆತ್ತಗೆ, ಬಿಳಿಯಾಗಿ, ಒಂದೊಂದಾಗಿ ಕಾಣುತ್ತದೆ. ಬಿಡಿ ಚೀಟಿಗೆ ಆಮೇಲೆ ಗಮ್ ಬಳಿದರೆ ಅದು ತೂತಿನ ಒಳ ಅಂಚಿಗೂ ಹಲ್ಲಿನ ತುದಿಗೂ ಇಳಿದು ನಾರುಗಳನ್ನು ಅಂಟಿಸಿಬಿಡುತ್ತದೆ. ಒಣಗಿದ ಮೇಲೆ ತುದಿ ಗಡುಸು.

ನೋಡುವ ಕ್ರಮ ಹೀಗೆ. ಕಪ್ಪು ಕಾಗದದ ಮೇಲೆ ಚೀಟಿಯನ್ನು ಮಗುಚಿ ಇಡಿ. ಚಪ್ಪಟೆ ತುದಿಯ ಚಿಮಟ ಬಳಸಿ, ಬೆರಳು ಬೇಡವೇ ಬೇಡ. ಬೆವರಿನ ಗುರುತು ಗಮ್ ಮೇಲೆ ಉಳಿದೇ ಉಳಿಯುತ್ತದೆ. ಟೇಬಲ್ ಲ್ಯಾಂಪನ್ನು ಪಕ್ಕಕ್ಕೆ ತಗ್ಗಿಸಿ, ಓರೆ ಬೆಳಕಿನಲ್ಲಿ 10 ಪಟ್ಟು ಹಿಗ್ಗಿಸುವ ಲೂಪ್ ಹಿಡಿದು ನಾಲ್ಕೂ ಬದಿಯ ಹಲ್ಲುಗಳನ್ನು ಸಾಲಾಗಿ ನೋಡಿ. ಗಮ್‌ನ ಮಿಂಚು ಹಲ್ಲಿನ ತುದಿಯನ್ನು ಸುತ್ತಿ ಮುಂಬದಿಗೆ ಬಂದಿದ್ದರೆ, ತೂತಿನ ಅಂಚಿನಲ್ಲಿ ಸಣ್ಣ ಉಬ್ಬು ಕಂಡರೆ, ಕುಂಚದ ಗೆರೆ ಇದ್ದರೆ ಬಿಟ್ಟುಬಿಡಿ.

ನಿಮ್ಮ ಬಳಿ ಇರುವ 1½ ಆಣೆಯೇ ಇಲ್ಲಿ ದೊಡ್ಡ ಸಾಧನ. ನಾಲ್ಕೂ ಚೀಟಿಗಳು ಸ್ವಿಟ್ಜರ್‌ಲೆಂಡಿನ ಕೂರ್ವಾಸಿಯೇ ಮುದ್ರಣಾಲಯದಲ್ಲಿ ಫೋಟೋಗ್ರವ್ಯೂರ್ ವಿಧಾನದಲ್ಲಿ ಅಚ್ಚಾದವು. ಅದನ್ನೂ 10 ರೂಪಾಯಿಯದನ್ನೂ ಪಕ್ಕಪಕ್ಕ ಮಗುಚಿ ಇಟ್ಟು ಗಮ್‌ನ ಬಣ್ಣ, ಹೊಳಪು, ಮೈ ಹೋಲಿಸಿ. ಆಮೇಲೆ ಕತ್ತಲೆ ಕೋಣೆಯಲ್ಲಿ 365 ನ್ಯಾನೋಮೀಟರ್ ಯುವಿ ದೀಪದಡಿ ಜೊತೆಯಾಗಿ ನೋಡಿ. 10 ರೂಪಾಯಿಯದು ಮಾತ್ರ ಬೇರೆ ಥರ ಬೆಳಗಿದರೆ ಗಮ್ಮೋ ಕಾಗದವೋ ಬದಲಾಗಿದೆ ಎಂದೇ ಶಂಕಿಸಬೇಕು. ತೇಪೆ ಹಾಕಿದ ಜಾಗ, ಅಳಿಸಿದ ಶಾಯಿ ಕೂಡ ಈ ದೀಪದಡಿ ಹೆಚ್ಚಾಗಿ ಬೇರೆಯಾಗಿಯೇ ಕಾಣುತ್ತವೆ.

ಇಡೀ ಚೀಟಿಯೇ ನಕಲಿ ಆಗಿರುವುದೂ ಉಂಟು. ಅಸಲಿಯ ಪರ್ಫೊರೇಷನ್ (ಅಂಚಿನ ತೂತುಗಳ ಲೆಕ್ಕ) 11½, ಅಂದರೆ 2 ಸೆಂಟಿಮೀಟರಿಗೆ ಹನ್ನೊಂದೂವರೆ ತೂತು; ಗೇಜ್ ಮೇಲಿಟ್ಟು ಅಡ್ಡಕ್ಕೂ ಉದ್ದಕ್ಕೂ ಅಳೆಯಿರಿ. ಲೂಪಿನಲ್ಲಿ ಗ್ರವ್ಯೂರ್‌ನ ಬಣ್ಣ ಸಣ್ಣ ಸಣ್ಣ ಚೌಕ ಕೋಶಗಳಾಗಿ ಹರಡಿರುತ್ತದೆ, ಅಕ್ಷರಗಳ ಅಂಚಿಗೂ ಗರಗಸದಂಥ ಸಣ್ಣ ಏರಿಳಿತ ಇರುತ್ತದೆ. ಸಾಲುಸಾಲು ದುಂಡು ಚುಕ್ಕೆಗಳು ಕಂಡರೆ ಅದು ಆಫ್‌ಸೆಟ್ ನಕಲು. ಇನ್ನೊಂದು ಎಚ್ಚರಿಕೆ: ಈ ಚೀಟಿಗೆ ವಾಟರ್‌ಮಾರ್ಕ್ ಇಲ್ಲ. ಸುಮ್ಮನೆ ಅದರ ಪರೀಕ್ಷೆಗೆಂದು ಬೆಂಜೀನ್ ದ್ರವ ಹಾಕಬೇಡಿ, ಗ್ರವ್ಯೂರ್ ಶಾಯಿ ಅದರಲ್ಲಿ ಕದಡಿ ಹರಿಯಬಹುದು.

ಹಿಂಜ್_ಪರ

ನನ್ನ ಓಟು ಹಿಂಜ್ ಇರುವುದಕ್ಕೇ. 1940-50ರ ದಶಕಗಳಲ್ಲಿ ಆಲ್ಬಂಗೆ ಹಿಂಜ್ ಹಾಕಿ ಅಂಟಿಸುವುದೇ ವಾಡಿಕೆ. ಒಂದು ಹಗುರ ಗುರುತು ಇದ್ದು ಉಳಿದ ಗಮ್ ಪೂರ್ತಿ ಮೂಲದ್ದೇ ಆಗಿದ್ದರೆ ಅದು ಪ್ರಾಮಾಣಿಕ ಚೀಟಿ. ಎಂಎನ್‌ಎಚ್‌ಗೆ ಮಾರುಕಟ್ಟೆ ಕೊಡುವ ಹೆಚ್ಚುವರಿ ಬೆಲೆಯೇ ಹೊಸ ಗಮ್ ಬಳಿಯುವವರಿಗೆ ಅನ್ನ ಹಾಕುವುದು. ಹೊಸ ಗಮ್ ಅಡಿಯಲ್ಲಿ ತೆಳುಗಾದ ಜಾಗ, ಸಣ್ಣ ಸೀಳು, ತೊಳೆದ ಮುದ್ರೆ ಏನು ಬೇಕಾದರೂ ಅಡಗಿರಬಹುದು.

ಹಿಂಜ್ ಪ್ರತಿಯಲ್ಲಿ ನೋಡಬೇಕಾದದ್ದು ಹಿಂಜ್ ಕಿತ್ತಾಗ ಕಾಗದದ ಪದರ ಅದರ ಜೊತೆ ಹೋಗಿದೆಯೇ ಎಂದು. ಬೆಳಕಿಗೆ ಅಡ್ಡ ಹಿಡಿಯಿರಿ, ತೆಳುಗಾದಲ್ಲಿ ಬೆಳಕು ಹೆಚ್ಚು ಹಾಯುತ್ತದೆ. ಹಿಂಜ್‌ನ ಚೂರು ಉಳಿದಿದ್ದರೆ ಕೀಳಲು ಹೋಗಬೇಡಿ, ನೆನೆಸಲೂ ಬೇಡಿ. ಗಮ್ ಹೋದರೆ ಹೋದಂತೆ. ನಂತರ ಮುಂಬದಿ: ಚಿತ್ರದ ಸುತ್ತ ನಾಲ್ಕೂ ಅಂಚು ಸಮವೇ, ಮೂಲೆಯ ಹಲ್ಲುಗಳು ಪೂರ್ತಿ ಇವೆಯೇ, ಯಾವುದಾದರೂ ಮೊಂಡೇ. ಬಣ್ಣ ಬಿಸಿಲಿಗೆ ಮಾಸಿದ್ದರೆ ಉಳಿದೆಲ್ಲ ಸರಿಯಿದ್ದರೂ ‘ಸುಪರ್ಬ್’ ಅನ್ನಲಾಗದು.

ಎಂಎನ್‌ಎಚ್ಚೇ ಬೇಕೆಂದರೆ ಪರಿಣತರ ಸರ್ಟಿಫಿಕೇಟ್ ಕೇಳಿ. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯದು ಎಲ್ಲೆಡೆ ನಡೆಯುತ್ತದೆ. ಸರ್ಟಿಫಿಕೇಟಿನ ಫೋಟೋದಲ್ಲಿರುವ ಹಲ್ಲುಗಳನ್ನು ಕೈಯಲ್ಲಿರುವ ಚೀಟಿಯ ಹಲ್ಲುಗಳ ಜೊತೆ ಒಂದೊಂದಾಗಿ ತಾಳೆ ನೋಡಿ. ಚೀಟಿ ಬದಲಾಯಿಸಿ ಸರ್ಟಿಫಿಕೇಟ್ ಉಳಿಸಿಕೊಳ್ಳುವವರಿದ್ದಾರೆ. ‘ಗಮ್ ಮೂಲದ್ದು’ ಎಂಬ ಮಾತು ಅದರಲ್ಲಿ ಇಲ್ಲದಿದ್ದರೆ ಗಮ್‌ಗೆ ಹಣ ಕೊಡಬೇಡಿ.

ಸರ್ಕಾರಿ ಬಳಕೆಗೆಂದು ‘ಸರ್ವಿಸ್’ ಮೇಲಚ್ಚಿರುವುದನ್ನು ಯಾರಾದರೂ ಅಗ್ಗಕ್ಕೆ ತೋರಿಸಿದರೆ ಕೈ ಮುಗಿಯಿರಿ. ಗವರ್ನರ್ ಜನರಲ್ ಕಚೇರಿಗೆಂದು 10 ರೂಪಾಯಿಯದರಲ್ಲಿ ಹಾಗೆ ಅಚ್ಚಾಗಿದ್ದು 100 ಮಾತ್ರ. 2017ರಲ್ಲಿ ಅಂಥ ನಾಲ್ಕು ಚೀಟಿಗಳು ಬಿಡಿಸದೆ ಒಟ್ಟಿಗಿರುವ ಪಟ್ಟಿ 5 ಲಕ್ಷ ಪೌಂಡಿಗೆ ಮಾರಾಟವಾಯಿತು. ಅಸಲಿ ಚೀಟಿಯ ಮೇಲೆ ನಕಲಿ ಅಚ್ಚು ಹಾಕುವುದು ಸುಲಭ.

ತೇವಾಂಶ_50

ಇಡುವ ವಿಚಾರಕ್ಕೆ ಬರುತ್ತೇನೆ. ಕರಾವಳಿಯಲ್ಲಿ ಗಮ್ ಇರುವ ಚೀಟಿಗೆ ತೇವವೇ ಶತ್ರು. ತೇವಾಂಶ ಶೇ 65 ದಾಟಿ ಹಾಗೇ ನಿಂತರೆ ಬೂಸ್ಟು ಹಿಡಿಯಲು ಶುರು, ಗಮ್ ಮೆತ್ತಗಾಗಿ ಪುಟಕ್ಕೆ ಅಂಟುತ್ತದೆ. ಹಾಗೆಂದು ಶೇ 35ಕ್ಕಿಂತ ಕೆಳಗೆ ಒಣಗಿಸಿದರೆ ಚೀಟಿ ಸುರುಳಿಯಾಗಿ ಗಮ್ ಬಿರುಕು ಬಿಡುತ್ತದೆ. 45ರಿಂದ 55ರ ನಡುವೆ ನಿಲ್ಲಿಸಿ.

ರಬ್ಬರ್ ಗ್ಯಾಸ್ಕೆಟ್ ಇರುವ ಡಬ್ಬಿ, ಒಳಗೊಂದು ತೇವಾಂಶ ಅಳೆಯುವ ಸಣ್ಣ ಹೈಗ್ರೋಮೀಟರ್, ಬಟ್ಟೆ ಚೀಲದಲ್ಲಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಸಾಕು. ಜೆಲ್ ಬಣ್ಣ ಬದಲಾದರೆ 110-120 ಡಿಗ್ರಿ ಓವನ್ನಿನಲ್ಲಿ ಒಂದೆರಡು ಗಂಟೆ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ವಾಪಸ್ ಇಡಿ. ಆಲ್ಬಂಗಳನ್ನು ಪುಸ್ತಕದಂತೆ ನಿಲ್ಲಿಸಿ; ಒಂದರ ಮೇಲೊಂದು ಪೇರಿಸಿದರೆ ಭಾರಕ್ಕೆ ಗಮ್ ಒತ್ತಿಕೊಳ್ಳುತ್ತದೆ. ಪಿವಿಸಿ ಪುಟ ಬೇಡ, ಅದರ ಮೆದುಕಾರಕ ಶಾಯಿಯನ್ನು ಎಳೆಯುತ್ತದೆ. ಪಾಲಿಯೆಸ್ಟರ್ ಅಥವಾ ಪಾಲಿಸ್ಟೈರೀನ್ ಮೌಂಟ್ (ಚೀಟಿ ಒಳಗೆ ಇಡುವ ಹೊದಿಕೆ) ತಗೊಳ್ಳಿ. ಮೌಂಟನ್ನು ಆಲ್ಬಂಗೆ ಅಂಟಿಸುವಾಗ ಚೀಟಿ ಹೊರಗಿರಲಿ, ಮೌಂಟ್‌ನ ಬೆನ್ನಿಗೆ ಮೇಲ್ಭಾಗದಲ್ಲಷ್ಟೇ ತುಸು ಒದ್ದೆ ಮಾಡಿ, ಒಣಗಲು ಬಿಟ್ಟು ಆಮೇಲೆ ಚೀಟಿ ಸೇರಿಸಿ. ನೀರು ಒಳಕ್ಕೆ ಜಿನುಗಿ ಗಮ್ ಹಾಳಾಗುವುದು ಇದೇ ಹೊತ್ತಿನಲ್ಲಿ.

ಕಡಲತಡಿ_ಸ್ಟಾಂಪ್

ಲೂಪ್ ಹಿಡಿದು ನೋಡಿದೆ. ಹೊಳೆಯುವ ಪ್ರತಿಯ ಹಲ್ಲಿನ ತುದಿಗಳಲ್ಲಿ ಮಿಂಚು ಕಾಣುತ್ತಿದೆ, ಅದನ್ನು ಬಿಟ್ಟೆ. ಹಿಂಜ್ ಪ್ರತಿಯಲ್ಲಿ ನಾರು ಚೆನ್ನಾಗಿ ಕಾಣುತ್ತದೆ, ಆದರೆ ಕೆಳಗಿನ ಎರಡು ಹಲ್ಲುಗಳಲ್ಲಿ ಕಂದು ಚುಕ್ಕೆ ಇದೆ. ತೆಗೆಯಬಹುದೇ?

ತೇವಾಂಶ_50

ಅದು ಬೂಸ್ಟಿನ ಕಲೆ, ನಾವು ತುಕ್ಕು ಎನ್ನುವುದು ಅದನ್ನೇ. ಬ್ಲೀಚ್, ಹೈಡ್ರೋಜನ್ ಪೆರಾಕ್ಸೈಡ್ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಎರಡೂ ನೀರಿನಲ್ಲೇ ಕೆಲಸ ಮಾಡುವಂಥವು, ಗಮ್ ಉಳಿಯುವುದಿಲ್ಲ, ಬಣ್ಣವೂ ಕುಂದಬಹುದು. ಕಲೆಯನ್ನು ಲೆಕ್ಕಕ್ಕೆ ಹಿಡಿದು ಬೆಲೆ ಇಳಿಸಿ ಕೇಳಿ. ಕೊಂಡರೆ ಉಳಿದ ಮೂರರ ಜೊತೆ ಸೇರಿಸದೆ ಬೇರೆ ಪಾಲಿಯೆಸ್ಟರ್ ಹೊದಿಕೆಯಲ್ಲಿ, ಬೇರೆ ಡಬ್ಬಿಯಲ್ಲಿ ಇಡಿ; ಬೂಸ್ಟು ಪಕ್ಕದ ಕಾಗದಕ್ಕೂ ಹಬ್ಬುತ್ತದೆ. ಈಗಲೇ ಒಂದು ಫೋಟೋ ತೆಗೆದಿಟ್ಟುಕೊಂಡು ಮಳೆಗಾಲ ಮುಗಿದ ಮೇಲೆ ಹೋಲಿಸಿದರೆ ಚುಕ್ಕೆ ಬೆಳೆಯುತ್ತಿದೆಯೇ ನಿಂತಿದೆಯೇ ಗೊತ್ತಾಗುತ್ತದೆ.

ಹಿಂಜ್_ಪರ

ಹಲ್ಲಿನಲ್ಲಿ ಮಾತ್ರ ಇದ್ದರೆ ಸರಿ. ಚಿತ್ರದ ಮೇಲೋ ಗಮ್ ಒಳಗೋ ಹೋಗಿದ್ದರೆ ಇನ್ನೊಂದು ಪ್ರತಿಗೆ ಕಾಯಿರಿ. ಸರ್ವಿಸ್ ಅಲ್ಲದ 10 ರೂಪಾಯಿ ಹರಾಜುಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ, ಅವಸರ ಬೇಕಿಲ್ಲ.