ಸ್ಟ್ಯಾಕ್ ಮಾಡಿದ ಚಿತ್ರದಲ್ಲಿ ಓರೆ ಗೀರುಗಳು, ಬಿಡಿ ಫ್ರೇಮ್‌ಗಳಲ್ಲಿ ಇಲ್ಲ

ಪ್ರಶ್ನೆ:
ಆಂಡ್ರೊಮಿಡಾ ಗ್ಯಾಲಕ್ಸಿಯ 120 ಸೆಕೆಂಡುಗಳ 80 ಫ್ರೇಮ್‌ಗಳನ್ನು ಸಿರಿಲ್ ಎಂಬ ತಂತ್ರಾಂಶದಲ್ಲಿ ಸ್ಟ್ಯಾಕ್ ಮಾಡಿದ್ದೇನೆ, ಅಂದರೆ ಒಂದರ ಮೇಲೊಂದು ಕೂರಿಸಿ ಒಂದೇ ಚಿತ್ರವಾಗಿಸಿದ್ದೇನೆ. ಕ್ಯಾಮೆರಾ ಡಿಎಸ್‌ಎಲ್‌ಆರ್, ಗೈಡಿಂಗ್ (ಇನ್ನೊಂದು ಕ್ಯಾಮೆರಾದಿಂದ ನಕ್ಷತ್ರವನ್ನು ಗಮನಿಸುತ್ತಾ ದೂರದರ್ಶಕವನ್ನು ಗುರಿಯಲ್ಲೇ ಇಡುವುದು) ಇದೆ. ನಕ್ಷತ್ರಗಳು ದುಂಡಗೆ ಬಂದಿವೆ. ಆದರೆ ಹಿನ್ನೆಲೆಯನ್ನು ಸ್ವಲ್ಪ ಬೆಳಗಿಸಿದರೆ ಸಾಕು, ಓರೆಯಾಗಿ ಸುರಿಯುವ ಮಳೆಯಂತೆ ಕೆಂಪು, ಹಸಿರು ಗೀರುಗಳು ತುಂಬಿಕೊಳ್ಳುತ್ತವೆ. ಸಿಗ್ಮಾ ಕ್ಲಿಪಿಂಗ್ (ಉಳಿದ ಫ್ರೇಮ್‌ಗಳಿಗೆ ಹೊಂದದ ಪಿಕ್ಸೆಲ್‌ಗಳನ್ನು ಕೈಬಿಡುವ ವಿಧಾನ) ಬಳಸಿದರೂ ಹೋಗುತ್ತಿಲ್ಲ. ಡಾರ್ಕ್‌ಗಳನ್ನು (ಸೆನ್ಸರ್ ತಾನೇ ಹುಟ್ಟಿಸುವ ಕಲೆಗಳನ್ನು ಕಳೆಯಲು ಮುಚ್ಚಳ ಹಾಕಿ ತೆಗೆಯುವ ಫ್ರೇಮ್‌ಗಳು) ಮರುದಿನ ಕೋಣೆಯೊಳಗೆ ತೆಗೆದೆ.

ಉತ್ತರ:
ಒಂದು ಅಳತೆ ಬೇಕು. ಅಲೈನ್ ಮಾಡದ, ಅಂದರೆ ನಕ್ಷತ್ರಗಳನ್ನು ಇನ್ನೂ ಹೊಂದಿಸದ, ಮೊದಲ ಮತ್ತು ಕೊನೆಯ ಫ್ರೇಮ್‌ಗಳನ್ನು ತೆರೆದು, ಒಂದೇ ನಕ್ಷತ್ರ ಎಷ್ಟು ಪಿಕ್ಸೆಲ್ ಸರಿದಿದೆ ನೋಡಿ. ಒಂದು ಗೀರಿನ ಉದ್ದವನ್ನೂ ಅಳೆಯಿರಿ.

ಪ್ರಶ್ನೆ ಕೇಳಿದವರು:
ನಕ್ಷತ್ರ ಅಡ್ಡಕ್ಕೆ 38, ಉದ್ದಕ್ಕೆ 21 ಪಿಕ್ಸೆಲ್ ಸರಿದಿದೆ. ಗೀರು ಸುಮಾರು 43 ಪಿಕ್ಸೆಲ್ ಇದೆ.

ಉತ್ತರ:
38 ಮತ್ತು 21ರ ಓರೆ ಅಂತರವೂ 43. ಅಲ್ಲಿಗೆ ರೋಗ ಖಚಿತ: ಇದು ‘ವಾಕಿಂಗ್ ನಾಯ್ಸ್’, ಅಂದರೆ ಸರಿಯುತ್ತಾ ಗೀರಾಗುವ ನಾಯ್ಸ್ (ಚಿತ್ರದಲ್ಲಿನ ಬೇಡದ ಕಾಳುಕಾಳು ಕಲೆ). ಸೆನ್ಸರ್‌ನ ಬಿಸಿ ಪಿಕ್ಸೆಲ್‌ಗಳು (ಬೆಳಕಿಲ್ಲದಿದ್ದರೂ ಹೊಳೆಯುವವು) ಇದ್ದಲ್ಲೇ ಇರುತ್ತವೆ, ಆಕಾಶ ಮಾತ್ರ ನಿಧಾನವಾಗಿ ಸರಿಯುತ್ತದೆ. ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿದಾಗ ಆ ಪಿಕ್ಸೆಲ್‌ಗಳು ವಿರುದ್ಧ ದಿಕ್ಕಿಗೆ ಗೆರೆ ಎಳೆಯುತ್ತವೆ. ಯಾದೃಚ್ಛಿಕ ನಾಯ್ಸ್‌ಗೆ ಹೋಲಿಸಿದರೆ ಸಂಕೇತವು (ಗ್ಯಾಲಕ್ಸಿಯ ನಿಜವಾದ ಬೆಳಕು) ಫ್ರೇಮ್‌ಗಳ ಸಂಖ್ಯೆಯ ವರ್ಗಮೂಲದಷ್ಟು ಬಲಗೊಳ್ಳುತ್ತದೆ, 80ಕ್ಕೆ ಹೆಚ್ಚುಕಡಿಮೆ 9 ಪಟ್ಟು. ಜಾಗ ಬಿಡದ ನಾಯ್ಸ್ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಸಿಗ್ಮಾ ಕ್ಲಿಪಿಂಗ್ ಉಪಗ್ರಹದ ಗೆರೆಯಂತಹ ಎದ್ದುಕಾಣುವುದನ್ನು ತೆಗೆಯುತ್ತದೆ; ಬಿಡಿ ಫ್ರೇಮಿನ ನಾಯ್ಸ್‌ನೊಳಗೇ ಅಡಗಿರುವ ಈ ಮಸುಕು ವಿನ್ಯಾಸ ಅದರ ಕೈಗೆ ಸಿಗುವುದಿಲ್ಲ.

ಪರಿಹಾರ ಡಿದರಿಂಗ್, ಅಂದರೆ ಫ್ರೇಮ್‌ಗಳ ನಡುವೆ ದೂರದರ್ಶಕವನ್ನು ಬೇಕೆಂದೇ ಅಡ್ಡಾದಿಡ್ಡಿಯಾಗಿ ಕದಲಿಸುವುದು. ಮುಖ್ಯ ಕ್ಯಾಮೆರಾದಲ್ಲಿ 10–15 ಪಿಕ್ಸೆಲ್ ಸರಿಯಬೇಕು. ಇಲ್ಲೊಂದು ಸೂಕ್ಷ್ಮವಿದೆ: ಗೈಡಿಂಗ್ ತಂತ್ರಾಂಶದಲ್ಲಿ ನಮೂದಿಸುವುದು ಸಾಮಾನ್ಯವಾಗಿ ಗೈಡ್ ಕ್ಯಾಮೆರಾದ ಪಿಕ್ಸೆಲ್‌ಗಳನ್ನು. ಗೈಡ್ ಕ್ಯಾಮೆರಾದ ಒಂದು ಪಿಕ್ಸೆಲ್ ಮುಖ್ಯ ಕ್ಯಾಮೆರಾದ ಮೂರಕ್ಕೆ ಸಮವಾದರೆ, 4 ಎಂದು ಕೊಟ್ಟರೆ 12 ಆಗುತ್ತದೆ.

ಇನ್ನೊಬ್ಬರ ಉತ್ತರ:
ಈಗಿರುವ ಫ್ರೇಮ್‌ಗಳನ್ನು ಎಸೆಯಬೇಡಿ. ಕೋಣೆಯ ಡಾರ್ಕ್‌ಗಳನ್ನು ಬಿಟ್ಟು, ಬಯಾಸ್ (ಮುಚ್ಚಳ ಹಾಕಿ ಅತಿ ಕಡಿಮೆ ಅವಧಿಗೆ ತೆಗೆದ ಫ್ರೇಮ್), ಫ್ಲಾಟ್ (ಒಂದೇ ಸಮನಾದ ಬೆಳಕಿನಲ್ಲಿ ತೆಗೆದ ಫ್ರೇಮ್) ಮತ್ತು ಕಾಸ್ಮೆಟಿಕ್ ಕರೆಕ್ಷನ್‌ನಿಂದ (ಬಿಸಿ ಪಿಕ್ಸೆಲ್‌ಗಳನ್ನು ತಂತ್ರಾಂಶವೇ ಗುರುತಿಸಿ ಸರಿಪಡಿಸುವುದು) ಮತ್ತೊಮ್ಮೆ ಸ್ಟ್ಯಾಕ್ ಮಾಡಿ. ಸೆನ್ಸರ್ ತಂಪಾಗಿಸುವ ವ್ಯವಸ್ಥೆ ಇಲ್ಲದಿರುವಾಗ, ತಾಪಮಾನ ಹೊಂದದ ಡಾರ್ಕ್ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ. ಮುಂದೆ ಡಾರ್ಕ್ ತೆಗೆಯುವುದಿದ್ದರೆ ಚಿತ್ರೀಕರಣ ಮುಗಿದ ತಕ್ಷಣ, ಅದೇ ಐಎಸ್‌ಒ, ಅದೇ 120 ಸೆಕೆಂಡು, ಮುಚ್ಚಳ ಹಾಕಿ, ಹೊರಗೇ ತೆಗೆಯಿರಿ.

ಪ್ರಶ್ನೆ ಕೇಳಿದವರು:
ಡಾರ್ಕ್ ಬಿಟ್ಟು ಮಾಡಿದೆ. ಕೆಂಪು ಗೀರುಗಳು ಬಹುಪಾಲು ಮಾಯವಾದವು, ಮಸುಕು ಪಟ್ಟೆಗಳು ಉಳಿದಿವೆ. ಗ್ಯಾಲಕ್ಸಿಯ ಅಂಚಿನ ಧೂಳಿನ ಎಳೆಗಳು ಮಾತ್ರ ಈಗ ಸ್ಪಷ್ಟವಾಗಿ ಕಾಣುತ್ತಿವೆ! ಪ್ರತಿ ಫ್ರೇಮ್ ಆದಮೇಲೂ ಡಿದರ್ ಮಾಡಬೇಕೇ? ಪ್ರತಿ ಬಾರಿಯೂ ಮೌಂಟ್ (ದೂರದರ್ಶಕವನ್ನು ಹೊತ್ತು ತಿರುಗಿಸುವ ಆಧಾರ) ಸ್ಥಿರವಾಗುವವರೆಗೆ ಕಾಯಬೇಕಲ್ಲ.

ಉತ್ತರ:
ಎರಡು ಫ್ರೇಮ್‌ಗೊಮ್ಮೆ ಸಾಕು. 80 ಫ್ರೇಮ್‌ಗಳಿಗೆ 40 ಬೇರೆ ಬೇರೆ ಸ್ಥಾನಗಳು ಸಿಗುತ್ತವೆ. ಉಳಿದ ಪಟ್ಟೆಗಳು ಅದರಿಂದಲೇ ಹೋಗಬೇಕು.